ಹಿಡಿ ಗಟ್ಟಿ, ಗಿರಾಕಿ ಇನ್ನೂ ಗಟ್ಟಿ

ಶಿವಾಜಿನಗರದಲ್ಲಿ ನಮ್ಮದು ಚಾಕು ಸಾಣೆ ಹಿಡಿಯೋ ಪುಟ್ಟ ಅಂಗಡಿ. ಅಪ್ಪನ ಕೈ ನಡುಗೋಕೆ ಶುರುವಾದ ಮೇಲೆ ಸಾಣೆ ಚಕ್ರದ ಮುಂದೆ ನಾನು ಕೂತೆ. ಮುರಿದ ಹಿಡಿ ತೆಗೆದು ಹೊಸದು ಕೂರಿಸೋದೂ ನಾನೇ. ವಾರಕ್ಕೆ ಒಬ್ಬರಾದರೂ ನನ್ನ ನಗಿಸದೆ ಹೋಗಲ್ಲ.

ಬಟ್ಟೆ ಹಿಡಿ

ಪುಲಿಕೇಶಿನಗರದಲ್ಲಿ ಬಿರಿಯಾನಿ ಮಾಡೋ ಭಾಯಿ ಒಬ್ಬರು ಫೈಬರ್ ಹಿಡಿ ತಿರುಗಿಸಿ ತಿರುಗಿಸಿ ನೋಡಿದರು.

"ಇದ್ಯಾವ ಮರ, ಬೆಹನ್?"

"ಮರ ಅಲ್ಲ ಭಾಯಿ. ಬಟ್ಟೆ ಪದರಗಳಿಗೆ ಅಂಟು ಹಾಕಿ ಒತ್ತಿರೋದು. ನೀರು, ಎಣ್ಣೆ ಏನೂ ಕುಡಿಯಲ್ಲ."

ಅವರ ಮುಖ ಸಪ್ಪಗಾಯ್ತು. "ಬಟ್ಟೇನಾ? ಒಗೆದ್ರೆ ಬಣ್ಣ ಬಿಡಲ್ಲ ತಾನೆ?"

ಎರಡು ಸೀಟಿ

ಕಗ್ಗದಾಸಪುರದ ಆಂಟಿಗೆ ಮರ, ಅಂಟು ಸೇರಿಸಿ ಒತ್ತಿದ ಹಿಡಿ ಹಾಕಿಕೊಟ್ಟು, "ಪಾತ್ರೆ ತೊಳೆಯೋ ಮಷೀನಿಗೆ ಮಾತ್ರ ಹಾಕ್ಬೇಡಿ, ಬಿಸಿಗೆ ಪದರ ಬಿಟ್ಕೊಳ್ಳುತ್ತೆ" ಅಂದಿದ್ದೆ. ತಿಂಗಳೊಳಗೆ ವಾಪಸ್ ತಂದರು. ಹಿಡಿ ಪರೋಟ ಥರ ಪದರ ಪದರ ಬಿಟ್ಟಿತ್ತು.

"ಮಷೀನಿಗೆ ಹಾಕಿದ್ರಾ ಆಂಟಿ?"

"ಅಯ್ಯೋ, ನೀನು ಹೇಳಿದ್ಮೇಲೆ ಹಾಕ್ತೀನಾ? ಕ್ರಿಮಿ ಸಾಯ್ಲಿ ಅಂತ ಕುಕ್ಕರ್‌ನಲ್ಲಿಟ್ಟು ಎರಡೇ ಸೀಟಿ ಕೂಗಿಸ್ದೆ."

ಹಲಸಿನ ಅಕ್ಕ

ಕೃಷ್ಣರಾಜಪುರದ ಸ್ಟೇಷನ್ ಹತ್ತಿರ ಹಲಸಿನ ತೊಳೆ ಮಾರೋ ಅಕ್ಕ ಒಮ್ಮೆ ಅಂಗೈಗೆ ಬಟ್ಟೆ ಸುತ್ಕೊಂಡು ಬಂದರು. ಮೇಣ ಅಂಟದಿರಲಿ ಅಂತ ಎಣ್ಣೆ ಸವರಿದ ಮರದ ಹಿಡಿ ಜಾರಿ, ಕೈ ಕೊಯ್ದಿತ್ತು. "ಇನ್ನೊಂದ್ಸಲ ಹಿಂಗಾದ್ರೆ ಹಲಸಿನ ಸಹವಾಸವೇ ಬೇಡ ಕಣಮ್ಮ" ಅಂದರು. ಕಣ್ಣಲ್ಲಿ ನೀರಿತ್ತು. ನಾನು ಕೂತು ಒಂದು ಫೈಬರ್ ಹಿಡಿಗೆ ಅರದಿಂದ ಗೀರು ಹಾಕಿ, ಅವರ ಕೈಗೆ ಒಗ್ಗೋವರೆಗೂ ತಿದ್ದಿ ಕೂರಿಸಿದೆ. "ಜಾರಲ್ಲ ಅಕ್ಕ. ಹತ್ತು ವರ್ಷ ಅಲ್ಲಾಡಲ್ಲ" ಅಂದೆ. ಧೈರ್ಯಕ್ಕೆ ಹೇಳಿದ್ದು, ನನಗೇ ಗ್ಯಾರಂಟಿ ಇರಲಿಲ್ಲ.

ಎರಡು ವರ್ಷ ಆದಮೇಲೆ ಅಕ್ಕ ದುಮುದುಮು ಅಂತ ಬಂದರು. ನಾನು ಸಾಣೆ ಚಕ್ರ ನಿಲ್ಲಿಸಿ ಮೊದಲು ಅವರ ಅಂಗೈ ನೋಡಿದೆ.

"ಮತ್ತೆ ಕೈ ಕೊಯ್ತಾ ಅಕ್ಕ?"

"ಕೈಗೇನಾಗಿದೆ? ಕಲ್ಲುಗುಂಡಿನಂಗಿದೆ. ಮಗಳಿಗೂ ಒಂದು ಗಾಡಿ ಹಾಕ್ಕೊಟ್ಟಿದ್ದೀನಿ" ಅಂತ ಚೀಲದಿಂದ ಚಾಕು ತೆಗೆದು ಮುಂದಿಟ್ಟರು. ಹಿಡಿ ಹೊಸದರಂತಿತ್ತು. ಅಲಗು ಮಾತ್ರ ದಿನಾ ಕಲ್ಲಿಗೆ ಉಜ್ಜಿ ಉಜ್ಜಿ ಕಿರುಬೆರಳಷ್ಟು ಉಳಿದಿತ್ತು.

"ನೋಡಮ್ಮ, ಇನ್ನೂ ಎಂಟು ವರ್ಷ ಬಾಕಿ ಇದೆ" ಅಂದರು ಅಕ್ಕ. "ಈ ಹಿಡಿಗೆ ಒಂದು ಚಾಕು ಹಾಕ್ಕೊಡು."