ನಿಮ್ಮ ಮೌನದೊಳಗೆ ನಮ್ಮಕ್ಕನ ಅಪ್ಪೆಹುಳಿ

ಮಾನ್ಯ ಜೀರುಂಡೆ ಬ್ಯಾಂಡಿನ ಗಾಯಕರೇ, ಗಿಟಾರಿನವರೇ, ಡೋಲಕಿಯವರೇ, ಎಲ್ಲರಿಗಿಂತ ಮಿಗಿಲಾಗಿ ಮೈಕು ನೆಟ್ಟ ಮಹಾನುಭಾವರೇ,

ಶಿರಸಿ ಬಸ್‌ಸ್ಟ್ಯಾಂಡಿನ ಹೊರಗೆ ರಿಕ್ಷಾ ಓಡಿಸುವ, ಏಳನೇ ಇಯತ್ತೆಗೇ ಶಾಲೆಗೆ ಕೈಮುಗಿದ ವಾನಳ್ಳಿಯ ರಾಘುವಿನ ಸಾಷ್ಟಾಂಗ ನಮಸ್ಕಾರಗಳು. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮವನ್ನು ತಾವೇ ಹಾಳುಮಾಡಿದ್ದರಿಂದ ಅದರ ವಿಚಾರ ಕೆಳಗಿದೆ.

ಇಸಳೂರಿನ ಸಭಾಭವನದಲ್ಲಿ ತಾವು ಹಾಡಿದ ದಿನ, ಅಕ್ಕನ ಮಗಳು ಸ್ಫೂರ್ತಿ ಕೊಡಿಸಿದ ಟಿಕೆಟ್ಟಿನಲ್ಲಿ ನಾನೂ ಗೆಳೆಯ ನಂದನನೂ ಬಂದಿದ್ದೆವು. ಕಾಲು ಚಾಚಲು ಜಾಗವಿದ್ದದ್ದು ಒಂದೇ ಕಡೆ, ಹಾಡುವವರಿಗೆ ಬೆನ್ನು ಹಾಕಿ ಜನರ ಕಡೆ ಮುಖ ಮಾಡಿ ನಿಂತಿದ್ದ ಒಂದು ಮೈಕಿನ ಬುಡದಲ್ಲಿ. ಯಾರೋ ತಿರುಗಿಸಿಡಲು ಮರೆತಿದ್ದಾರೆಂದುಕೊಂಡು ಅದಕ್ಕೆ ನನ್ನ ಚೀಲ ತೂಗುಹಾಕಿ ಕುಳಿತೆ.

ಹಾಡೊಂದರ ನಡುವೆ ತಾವು ಗಿಟಾರು, ಡೋಲಕಿ, ಬಾಯಿ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದಿರಿ. ನಾವು ಯಕ್ಷಗಾನ ನೋಡಿ ಬೆಳೆದವರು. ಭಾಗವತರ ಪದ ಮುಗಿದು ಚಂಡೆ ಸುಮ್ಮನಾಯಿತೆಂದರೆ ಮುಂದೆ ಯಾರಾದರೂ ಮಾತಾಡಲೇಬೇಕು. ವೇಷ ಕಟ್ಟಿದವರು ಯಾರೂ ಕಾಣಲಿಲ್ಲ. ಹಾಗಾಗಿ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಕುಡಿದ ಮಾವಿನಕಾಯಿಯ ತಿಳಿಸಾರಿನ ಬಗ್ಗೆ ನಾನೇ ನಂದನನಿಗೆ ಹೇಳಿದೆ: "ಅಕ್ಕ ಅಪ್ಪೆಹುಳಿಗೆ ಮಾವಿನಕಾಯಿ ಹಾಕ್ತಿಲ್ಲೆ ಮಾರಾಯ, ಪಾತ್ರೆಗೆ ಒಂದ್ಸಲ ತೋರ್ಸಿ ತೆಗೆದಿಡ್ತು!"

ಈಗ ಆ ಸಂಜೆ 'ಇದ್ದದ್ದು ಇದ್ದಂತೆ' ಎಂಬ ಲೈವ್ ಆಲ್ಬಮ್ಮಾಗಿ ಹೊರಬಿದ್ದಿದೆ. ತಮ್ಮ ಕೈಚಳಕಕ್ಕೆ ತಲೆಬಾಗುತ್ತೇನೆ. ಗಾಯಕರು ಏನು ಹಾಡುತ್ತಿದ್ದಾರೆಂದು ಎಷ್ಟು ಸಲ ಕೇಳಿದರೂ ತಿಳಿಯದು, ನನ್ನ ಮಾತು ಮಾತ್ರ ಕೊಟ್ಟಿಗೆಯ ಎಮ್ಮೆಗೂ ಅರ್ಥವಾಗುವಷ್ಟು ಸ್ಪಷ್ಟವಾಗಿದೆ. ನಂದನ ಮೂಗಿನಲ್ಲಿ ನಕ್ಕದ್ದೂ ಬಿಟ್ಟುಹೋಗಿಲ್ಲ.

ಸ್ಫೂರ್ತಿ ಇದನ್ನು ಮನೆಯಲ್ಲಿ ದೊಡ್ಡ ಸ್ಪೀಕರಿಗೆ ಹಾಕಿ, "ಅಮ್ಮಾ, ಇದು ರಾಘು ಮಾವ ಅಲ್ದಾ?" ಎಂದು ಕೂಗಿದಳಂತೆ. ಅಕ್ಕ ಸೌಟು ಹಿಡಿದುಕೊಂಡೇ ಬಂದು, "ಇನ್ನೊಂದ್ಸಲ ಹಾಕು" ಅಂದಳಂತೆ. ಅಂದಿನಿಂದ ನನ್ನ ಫೋನು ಎತ್ತುತ್ತಿಲ್ಲ. ನನಗಿರುವುದು ಒಬ್ಬಳೇ ಅಕ್ಕ, ವಾರಕ್ಕೊಮ್ಮೆ ನಾನು ಹೊಟ್ಟೆ ತುಂಬ ಉಣ್ಣುತ್ತಿದ್ದದ್ದು ಅವಳ ಮನೆಯಲ್ಲೇ. ಅವಳ ಗಂಡ ಸೀತಾರಾಮ ಭಾವ ನನ್ನ ರಿಕ್ಷಾ ಹತ್ತಿದಾಗಲೆಲ್ಲ, "ಏ ರಾಘು, ಇವತ್ತು ಮೀಟರ್ ಹಾಕ್ತ್ಯಾ, ಬರೀ ತೋರಿಸ್ತ್ಯಾ?" ಎಂದು ಕೇಳುತ್ತಾರೆ.

ತಮಗೆ ಫೋನು ಮಾಡಿದಾಗ ತಾವು, "ಅಂಕಲ್, ಅದು ಆಂಬಿಯೆನ್ಸ್, ಜನರ ಸದ್ದು ಹಿಡಿಯೋಕೇ ಆ ಮೈಕು ಇಟ್ಟಿದ್ದು, ಆ ಹಾಡಿನ ಜೀವವೇ ಅದು" ಎಂದಿರಿ. ಸಂತೋಷ. ತಮ್ಮ ಹಾಡಿಗೆ ಜೀವ ಬಂತು, ನನ್ನ ಊಟದ್ದು ಹೋಯಿತು.

ಆದ್ದರಿಂದ ದಯಮಾಡಿ, ಆಲ್ಬಮ್ ಕೇಳಿದ ಪ್ರತಿಯೊಬ್ಬರ ಮನೆಗೂ ಡೋಲಕಿಯವರನ್ನು ಕಳಿಸಿ, ನನ್ನ ಮಾತು ಬರುವ ಹೊತ್ತಿಗೆ ಜೋರಾಗಿ ಬಾರಿಸಿ ಬರಲು ಹೇಳಬೇಕು. ಅದು ತ್ರಾಸಾದರೆ, ನನ್ನ ಮಾತಿನ ಬೆನ್ನಿಗೇ ಇಡೀ ಮಾವಿನಕಾಯಿಯೊಂದು ಪಾತ್ರೆಗೆ ಡುಬಕ್ಕನೆ ಬೀಳುವ ಸದ್ದನ್ನಾದರೂ ಸೇರಿಸಬೇಕು. ಮುಂದಿನ ಸಲ ತಾವು ಸುಮ್ಮನಾಗುವುದಿದ್ದರೆ ಒಂದು ಗಂಟೆ ಮೊದಲೇ ಮೈಕಿನಲ್ಲಿ ಹೇಳಿಬಿಡಿ, ನಾವು ಹೊರಗೆ ಹೋಗಿ ಎಲೆ-ಅಡಿಕೆಯ ಕವಳ ಹಾಕಿಕೊಂಡು ಬರುತ್ತೇವೆ.

ತಮ್ಮ ಹಾಡಿನ ಮಧ್ಯೆ ಸಿಕ್ಕಿಬಿದ್ದಿರುವ, ತಮ್ಮ ವಿಶ್ವಾಸಿ,
ರಾಘು

ತಾ.ಕ.: ಈ ಬಹಿರಂಗ ಪತ್ರವನ್ನು ಪೇಪರಿಗೆ ಕಳಿಸುವಷ್ಟರಲ್ಲಿ ಅಕ್ಕನೇ ಫೋನು ಮಾಡಿ ಊಟಕ್ಕೆ ಕರೆದಳು. ಎಲ್ಲರ ಲೋಟಕ್ಕೂ ಅಪ್ಪೆಹುಳಿ ಬಡಿಸಿ, ನನ್ನೆದುರು ಬಂದು ಪಾತ್ರೆ ಬಗ್ಗಿಸಿ ತೋರಿಸಿ, "ಕಂಡ್ತಾ ತಮ್ಮಾ?" ಎಂದು ಒಳಗೆ ನಡೆದಳು. ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ತಮ್ಮ ಇಡೀ ಆಲ್ಬಮ್ಮಿನಲ್ಲಿ ಅಷ್ಟು ಜೋರಾದ ಚಪ್ಪಾಳೆ ಒಂದೂ ಇಲ್ಲ. ಆಮೇಲೆ ಕೇಳದೆಯೇ ಎರಡು ಲೋಟ ಬಡಿಸಿದಳು. ರುಚಿ ಹೇಗಿತ್ತೆಂದು ಮಾತ್ರ ಬಾಯಿ ಬಿಡಲಾರೆ. ಉಪ್ಪಿನಕಾಯಿ ಭರಣಿಯ ಹಿಂದೆಲ್ಲ ಹುಡುಕಿದೆ, ತಮ್ಮ ಮೈಕು ಕಾಣಲಿಲ್ಲ. ಆದರೂ ನಂಬಿಕೆ ಇಲ್ಲ.