ಒಂದು ಹನಿಯೂ ಸೋರಲಿಲ್ಲ

ಎಲ್ಲಕ್ಕೂ ಕಾರಣ, ಆ ಶನಿವಾರ ಬೆಳಿಗ್ಗೆ ಹಳೇ ಅಂಬಾಸಿಡರ್ ಕಾರಿನ ಕೆಳಗೆ ಕಂಡ ಅಂಗೈಯಗಲ ನೀರು.

ಹೊಸಕೋಟೆಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತನಾಗಿರುವ ಕಾಂತರಾಜು ಬಗ್ಗಿ ನೋಡಿದ. ಎಂಜಿನ್‌ಗೆ ನೀರು ತಿರುಗಿಸುವ ವಾಟರ್ ಪಂಪು ಕೈಕೊಟ್ಟಿತ್ತು. ಹೀಗೇ ಓಡಿಸಿದರೆ ಟೋಲ್‌ಗೇಟ್ ಮುಟ್ಟುವಷ್ಟರಲ್ಲಿ ಗಾಡಿ ಕುದಿಯುವುದು ಗ್ಯಾರಂಟಿ.

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಅವತ್ತು ಸಂಜೆಯೇ ಹೆಂಡತಿ ಶಶಿರೇಖಾಳ ಸೋದರಮಾವ ಅಪ್ಪಯ್ಯಣ್ಣನವರ ಕಿರಿಮಗಳು ಚೈತ್ರಳ ಆರತಕ್ಷತೆ. ಆರು ವರ್ಷದ ಹಿಂದೆ ಹಿರಿಮಗಳ ಮದುವೆಗೆ ಇವರು ಹೋಗದೆ, ಕಾರ್ಡು ಕಳೆದುಹೋಯಿತೆಂದು ಸಬೂಬು ಹೇಳಿದ್ದರು. ಅಪ್ಪಯ್ಯಣ್ಣ ಅಂದಿನಿಂದ ಮಾತೇ ಬಿಟ್ಟಿದ್ದರು. ಈ ಸಲ ಹಿರಿಯರೆಲ್ಲ ಸೇರಿ ರಾಜಿ ಮಾಡಿಸಿದ ಮೇಲೆ ಖುದ್ದಾಗಿ ಮನೆಗೆ ಬಂದು, ಕುಂಕುಮ ಕೊಟ್ಟು ಕರೆದು, "ಈ ಸಲ ಯಾವ ನೆಪಾನೂ ಹೇಳಂಗಿಲ್ಲ ಕಣವ್ವಾ" ಎಂದು ಹೋಗಿದ್ದರು.

ಅಷ್ಟರಲ್ಲಿ ಶಶಿರೇಖಾಳ ತಮ್ಮ ಕೆಂಪರಾಜ್ ಫೋನ್ ಮಾಡಿದ. ಹೊಸ ಕಾರು ಕೊಂಡ ಮೇಲೆ ಅವನ ದನಿಯೇ ಸ್ವಲ್ಪ ದಪ್ಪಗಾಗಿತ್ತು.

"ಭಾವ, ಆ ಡಬ್ಬ ಗಾಡಿ ಬಿಡಿ. ನನ್ನ ಗಾಡೀಲೇ ಎಲ್ರೂ ಹೋಗೋಣ."

"ನಮ್ಮ ಗಾಡೀಲೇ ಬರ್ತೀವಿ."

"ಹಂಗಾದ್ರೆ ನಾನು ಹಗ್ಗ ಇಟ್ಕೊಂಡು ನಿಮ್ಮ ಹಿಂದೇನೇ ಬರ್ತೀನಿ. ಎಲ್ಲಾದ್ರೂ ನಿಂತೋದ್ರೆ ಕಟ್ಟಿ ಎಳೀಬೋದು!"

ಕಾಂತರಾಜುವಿಗೆ ರೇಗಿಹೋಯಿತು. ಅನುಗೊಂಡನಹಳ್ಳಿಯಲ್ಲಿ ಅವನಪ್ಪ ರೇಷ್ಮೆಗೂಡು ಮಾರಿ ಕೊಂಡ ಕಾರು ಅದು. ಅವನು ಡ್ರೈವಿಂಗ್ ಕಲಿತದ್ದು ಅದರಲ್ಲಿ, ಹೆಂಡತಿಯನ್ನು ಮನೆ ತುಂಬಿಸಿಕೊಂಡದ್ದು ಅದರಲ್ಲಿ. ಅಪ್ಪ ಹೋಗಿ ಎಂಟು ವರ್ಷವಾದರೂ, ಸ್ಟೇರಿಂಗ್ ಹಿಡಿದರೆ ಪಕ್ಕದ ಸೀಟಿನಿಂದ "ನಿಧಾನ ಕಣೋ" ಎಂದಂತಾಗುತ್ತಿತ್ತು.

"ನೋಡು ಕೆಂಪರಾಜು, ಇವತ್ತು ಈ ಗಾಡಿ ಛತ್ರದ ಮುಂದೆ ಹೋಗಿ ನಿಲ್ಲಲಿಲ್ಲ ಅಂದ್ರೆ, ನಾಳೆ ನಾನೇ ಗುಜರಿಗೆ ಹಾಕ್ತೀನಿ!"

"ಕೇಳಿಸ್ಕೊಂಡೆ ಕಣ್ರೀ," ಎಂದು ಶಶಿರೇಖಾ ಅಡುಗೆಮನೆಯಿಂದಲೇ ಕೂಗಿದಳು. ಅಂಗಳದಲ್ಲಿ ಕಾರು ನಿಲ್ಲುವ ಜಾಗದಲ್ಲಿ ತುಳಸಿಕಟ್ಟೆ ಕಟ್ಟಿಸಬೇಕೆಂದು ಅವಳು ನಾಲ್ಕು ವರ್ಷದಿಂದ ಕಾಯುತ್ತಿದ್ದಳು. "ಆಮೇಲೆ ಮಾತು ತಪ್ಪಂಗಿಲ್ಲ."

ಕಾಂತರಾಜು ಲುಂಗಿ ಎತ್ತಿ ಕಟ್ಟಿದ. ಸ್ಪೇರ್ ಪಾರ್ಟ್ಸ್ ಅಂಗಡಿಯ ಅನೀಸ್ ಅಹಮದ್ ಒಂಬತ್ತು ಗಂಟೆಗೇ ಹೊಸ ಪಂಪು ಕೊಟ್ಟು, "ಕಾಂತ್ರಾಜಣ್ಣ, ಮೆಕ್ಯಾನಿಕ್ ಕಳಿಸ್ಲಾ?" ಎಂದ. "ಬೇಡ, ನಾನೇ ಹಾಕ್ತೀನಿ. ವಿಡಿಯೋ ನೋಡಿದ್ದೀನಿ," ಎಂದ ಕಾಂತರಾಜು. ಅನೀಸ್ ಅಂಗಡಿ ಬಾಗಿಲೆಳೆದು ಮಾಲು ತರಲು ಬೆಂಗಳೂರಿಗೆ ಹೊರಟುಹೋದ.

ವಿಡಿಯೋದಲ್ಲಿ ಬೋಲ್ಟುಗಳು ತಾವಾಗಿಯೇ ಬಿಚ್ಚಿಕೊಂಡಿದ್ದವು. ಇಲ್ಲಿ ಮೊದಲನೆಯದು ಬರುವಷ್ಟರಲ್ಲಿ ಎರಡು ಬೆರಳಿನ ಚರ್ಮ ಕಿತ್ತು ಬಂತು. ಅದೇ ಹೊತ್ತಿಗೆ ಎದುರು ಮನೆಯ ದೊಡ್ಡಬೀರಪ್ಪನವರು ಕುರ್ಚಿ ಸಮೇತ ಬಂದು ಕೂತರು. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಊರಲ್ಲಿ ಎಲ್ಲಿ ಬಾನೆಟ್ ಎತ್ತಿದರೂ ಅವರಿಗೆ ಹೇಗೋ ಗೊತ್ತಾಗುತ್ತಿತ್ತು.

"ಎಡಕ್ಕೆ ತಿರುಗ್ಸಪ್ಪಾ. ನಿನ್ನ ಎಡ ಅಲ್ಲ, ಗಾಡಿ ಎಡ!"

ಎರಡೂ ಕಡೆಗೆ ತಿರುಗಿಸಿ, ಬೆಲ್ಟು ಸಡಿಲಿಸಿ, ಫ್ಯಾನು ಬಿಚ್ಚಿ, ಹಳೇ ಪಂಪು ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಎಂಜಿನ್‌ನಲ್ಲಿದ್ದ ತುಕ್ಕು ನೀರೆಲ್ಲ ಅವನ ತಲೆಯ ಮೇಲೇ ಸುರಿಯಿತು. ಕಾಂತರಾಜು ಮುಖ ಒರೆಸಿಕೊಂಡು, "ಗ್ಯಾಸ್ಕೆಟ್ ಕೊಡಿ ಯಜಮಾನ್ರೇ," ಎಂದು ಕೈಚಾಚಿದ. ಪಂಪಿಗೂ ಎಂಜಿನ್‌ಗೂ ನಡುವೆ ಕೂರಿಸುವ, ನೀರು ಸೋರದಂತೆ ತಡೆಯುವ ತೆಳ್ಳನೆ ಕಾಗದದ ಬಿಲ್ಲೆ ಅದು.

"ಯಾವ್ದು? ಈ ಕಾಗದಾನಾ?" ದೊಡ್ಡಬೀರಪ್ಪನವರು ಅದರ ಮೇಲಿಟ್ಟಿದ್ದ ಬಿಸಿ ಟೀ ಲೋಟ ಎತ್ತಿದರು. ಗ್ಯಾಸ್ಕೆಟ್ಟಿನ ಅರ್ಧ ಲೋಟದ ತಳಕ್ಕೆ ಅಂಟಿಕೊಂಡು ಮೇಲೆ ಬಂತು.

ಕಾಂತರಾಜು ಮನಸ್ಸಿನಲ್ಲೇ ಬೈದು, ಅನೀಸ್‌ಗೆ ಫೋನ್ ಹಚ್ಚಿದ.

"ನಾನು ಸಿಟೀಲಿ ಸಿಕ್ಕಾಕ್ಕೊಂಡಿದೀನಿ ಅಣ್ಣ, ರಾತ್ರಿ ಆಗ್ತದೆ. ನಮ್ಮ ಅಬ್ಬಾಜಾನ್ ರಟ್ಟಲ್ಲೇ ಕತ್ತರಿಸಿ ಹಾಕ್ತಿದ್ರು. ದಪ್ಪನೆ ಮದುವೆ ಕಾರ್ಡ್ ಇದ್ರೆ ನೋಡಿ, ಗ್ರೀಸ್ ಹಚ್ಚಿ ಬಿಗಿ ಮಾಡಿ. ಒಂದು ಹನಿ ಸೋರಿದ್ರೆ ನನ್ನ ಕೇಳಿ."

ಎಲ್ಲರ ಮನೆಯಂತೆ ಕಾಂತರಾಜುವಿನ ಮನೆಯಲ್ಲೂ ಟಿವಿಯ ಹಿಂದೆ ಮುಗಿದುಹೋದ ಮದುವೆಗಳ ಕಾರ್ಡುಗಳು ಕಟ್ಟುಗಟ್ಟಲೆ ಇದ್ದವು. ಕೈಯೆಲ್ಲ ಗ್ರೀಸು, ಕಣ್ಣಿಗೆ ತುಕ್ಕು ನೀರು. ಕಾಂತರಾಜು ಓದಲು ಹೋಗಲಿಲ್ಲ, ಸುಮ್ಮನೆ ಹಿಸುಕಿ ನೋಡಿ ಎಲ್ಲಕ್ಕಿಂತ ದಪ್ಪಗಿದ್ದುದನ್ನು ಎಳೆದುಕೊಂಡ. ಪಂಪಿನ ಮೇಲಿಟ್ಟು ಅಂಚಿನಗುಂಟ ಸುತ್ತಿಗೆಯಿಂದ ಮೆಲ್ಲಗೆ ತಟ್ಟತೊಡಗಿದ.

"ಹಿಂಗ್ ತಟ್ಟಿದ್ರೆ ದೀಪಾವಳಿ ಬರ್ತದೆ, ಇತ್ಲಾಗ್ ಕೊಡು!" ಎಂದು ಸುತ್ತಿಗೆ ಕಸಿದ ದೊಡ್ಡಬೀರಪ್ಪನವರು ಒಂದೇ ಏಟಿಗೆ ಕಾರ್ಡನ್ನು ಎರಡು ಹೋಳು ಮಾಡಿದರು.

ಪುಣ್ಯಕ್ಕೆ ಕಟ್ಟಿನಲ್ಲಿ ಅದರ ಪಕ್ಕದಲ್ಲೇ ತದ್ರೂಪಿ ಇನ್ನೊಂದಿತ್ತು. ಈ ಸಲ ಕಾಂತರಾಜು ಮುದುಕರಿಗೆ ಬೆನ್ನು ಮಾಡಿ ಕೂತ. ಉಸಿರು ಬಿಗಿಹಿಡಿದು, ಅರ್ಧ ಗಂಟೆ ತಟ್ಟಿ, ಬೋಲ್ಟಿನ ತೂತುಗಳನ್ನೂ ಕೊರೆದು ಎತ್ತಿದರೆ, ಕಂಪನಿಯವರೂ ನಾಚಬೇಕು ಅಂಥ ಗ್ಯಾಸ್ಕೆಟ್! ದೊಡ್ಡಬೀರಪ್ಪನವರು ಸುಮ್ಮನೆ ಕೂರಲಾರದೆ ಕಾಗದದ ಚೂರು, ಎಣ್ಣೆ ಬಟ್ಟೆ ಎಲ್ಲ ಗುಡ್ಡೆ ಹಾಕಿ ಬೆಂಕಿ ಕೊಟ್ಟರು. ಅವತ್ತು ಅವರು ಮಾಡಿದ ಒಂದೇ ಒಳ್ಳೇ ಕೆಲಸ ಅದು ಎಂದುಕೊಂಡ ಕಾಂತರಾಜು.

ಐದೂವರೆಗೆ ಅವನು ಕೀಲಿ ತಿರುಗಿಸಿದ. ಗಾಡಿ ಒಮ್ಮೆ ಕೆಮ್ಮಿ, ಆಮೇಲೆ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟತೊಡಗಿತು. ಕೆಳಗೆ ಬಗ್ಗಿ ನೋಡಿದ. ನೆಲ ಒಣಗಿತ್ತು. ಎಂಜಿನ್ ಆರಿಸದೆಯೇ ಹೋಗಿ ಸ್ನಾನ ಮಾಡಿ, ರೇಷ್ಮೆ ಪಂಚೆ ಉಟ್ಟು ಬಂದ. ಆಗಲೂ ಒಣಗಿತ್ತು. ಕಾಂತರಾಜುವಿಗೆ ಕಣ್ಣು ತುಂಬಿ ಬಂತು.

ಕೆಂಪರಾಜ್ ಹಗ್ಗ ಹಿಡಿದೇ ಬಂದವನು ಗಾಡಿಯ ಸದ್ದು ಕೇಳಿ ಪೆಚ್ಚಾದ. "ಪರವಾಗಿಲ್ವೇ ಭಾವ! ಸರಿ, ಮುಂದೆ ನಡೀರಿ. ಎಲ್ಲಿ ಛತ್ರ?"

"ದೇವನಹಳ್ಳಿ ಕಡೆ ಎಲ್ಲೋ. ಕಾರ್ಡಲ್ಲಿದೆ ಇರು," ಎಂದು ಒಳಗೆ ಹೋದ ಶಶಿರೇಖಾ ಬರಿಗೈಲಿ ಬಂದಳು. "ರೀ, ಟಿವಿ ಹಿಂದೆ ಇಟ್ಟಿದ್ದೆ, ಕೈಗೆ ಸಿಗಲಿ ಅಂತ ಎಲ್ಲಕ್ಕಿಂತ ಮುಂದೇನೇ ಇಟ್ಟಿದ್ದೆ. ಕಾಣಿಸ್ತಿಲ್ಲ! ನಮ್ದೂ ಇಲ್ಲ, ಮಾವ ಕೆಂಪರಾಜುಗೆ ಅಂತ ಕೊಟ್ಟುಹೋಗಿದ್ದೂ ಇಲ್ಲ!"

ಕಾಂತರಾಜು ಅಂಗಳದಲ್ಲಿದ್ದ ಬೂದಿಗುಡ್ಡೆ ನೋಡಿದ. ನಿಧಾನವಾಗಿ ಬಾನೆಟ್ ಕಡೆ ತಿರುಗಿದ. ಶಶಿರೇಖಾಳೂ ಆ ಕಡೆ ನೋಡಿದಳು, ಮಧ್ಯಾಹ್ನ ಗಂಡ ಅದೇನೋ ಕಾರ್ಡು ಇಟ್ಟುಕೊಂಡು ತಟ್ಟುತ್ತಿದ್ದುದು ನೆನಪಾಗಿ ಅವಳಿಗೆ ಅರ್ಥವಾಯಿತು.

"ಯಾರಿಗಾದ್ರೂ ಫೋನ್ ಮಾಡಿ ಕೇಳಣ್ವಾ?" ಎಂದ ಕೆಂಪರಾಜ್.

"ಯಾರನ್ನ ಕೇಳಿದ್ರೂ ಐದು ನಿಮಿಷಕ್ಕೆ ಮಾವನ ಕಿವಿಗೆ ಬೀಳ್ತದೆ. ಈ ಸಲಾನೂ ಕಾರ್ಡ್ ಕಳೆದ್ರು ಅಂತ ಗೊತ್ತಾದ್ರೆ ಈ ಜನ್ಮದಲ್ಲಿ ನಮ್ಮನೆ ಹೊಸಿಲು ತುಳಿಯಲ್ಲ!"

ಅಷ್ಟರಲ್ಲಿ ಮಾವನದೇ ಫೋನು ಬಂತು. ಶಶಿರೇಖಾ ಬೆಂಕಿ ಮುಟ್ಟಿದವಳಂತೆ ಅದನ್ನು ಗಂಡನ ಕೈಗೆ ತುರುಕಿದಳು.

"ಏನಪ್ಪಾ ಕಾಂತ್ರಾಜು, ಇನ್ನೂ ಬಂದಿಲ್ಲ? ಕಾರ್ಡು ಇದೆ ತಾನೆ?"

"ಇದೆ ಮಾವ. ಭದ್ರವಾಗಿದೆ."

"ಮತ್ತೆ ಇನ್ನೇನು ತಡ?"

ಕಾಂತರಾಜು ಗುರುಗುಟ್ಟುತ್ತಿದ್ದ ಗಾಡಿಯನ್ನು ನೋಡಿದ. ಹೆಂಡತಿಯ ಮುಖ ನೋಡಿದ.

"ಗಾಡಿ... ಗಾಡಿ ಕೆಟ್ಟೋಯ್ತು ಮಾವ."

"ನಂಗೊತ್ತಿತ್ತು! ಮತ್ತೆ ಅದೇನೋ ಗುರ್ ಅಂತಿದೆ?"

"ಪಕ್ಕದ ಮನೆ ಮಿಕ್ಸಿ ಮಾವ."

"ಕೆಂಪರಾಜುದು ಹೊಸ ಗಾಡಿ ಇದೆಯಲ್ಲ?"

"ಅದೂ ಕೆಟ್ಟೋಯ್ತು."

ಕೆಂಪರಾಜನ ಕೈಯಿಂದ ಹಗ್ಗ ಜಾರಿತು.

"ಸರಿ, ಅಲ್ಲೇ ಇರಿ. ನಮ್ಮ ಹೂವಿನ ಟೆಂಪೋ ಇನ್ನೂ ಹೊಸಕೋಟೇಲೇ ಇದೆ, ನಿಮ್ಮನೆ ಹತ್ರ ಕಳಿಸ್ತೀನಿ. ಹತ್ಕೊಂಡು ಬನ್ನಿ."

ಕಾಲು ಗಂಟೆಯಲ್ಲಿ ಟೆಂಪೋ ಬಂತು. ಶಶಿರೇಖಾ ಡ್ರೈವರ್ ಪಕ್ಕ ಕೂತಳು. ಕೆಂಪರಾಜ್ ಹಿಂದೆ ಸೇವಂತಿಗೆ ಮೂಟೆಗಳ ನಡುವೆ ಸೂಟು ಮುದುರಿಕೊಂಡು ಕುಕ್ಕರುಗಾಲಲ್ಲಿ ಕೂತ. ಕಾಂತರಾಜು ಎಂಜಿನ್ ಆರಿಸಿ, ಪಂಚೆ ಎತ್ತಿಕೊಂಡು ಕೊನೆಯ ಸಲ ಕಾರಿನ ಕೆಳಗೆ ಬಗ್ಗಿ ನೋಡಿದ. ಒಂದು ಹನಿಯೂ ಸೋರಿರಲಿಲ್ಲ.

"ಬೇಗ ಬನ್ರೀ," ಎಂದು ಶಶಿರೇಖಾ ಟೆಂಪೋದೊಳಗಿಂದ ಕೂಗಿದಳು. "ಅಂದಂಗೆ, ಗುಜರಿಯವ್ನಿಗೆ ನಾಳೆ ಎಷ್ಟೊತ್ತಿಗೆ ಬರಕ್ಕೆ ಹೇಳ್ಲಿ?"