ಚಿಕ್ಕೋಡಿಯ ಮಾಳಿಗೆಯ ಮೇಲೆ ದೀಪಸ್ತಂಭದ ದೀಪ

ಮನುಷ್ಯನಿಗೆ ಒಂದು ಹುಚ್ಚು ಇರಬೇಕು, ನಿಜ. ಆದರೆ ಅದು ಊರಿಗೆ ಹೊಂದುವಂಥದ್ದಾಗಿರಬೇಕು. ನಮ್ಮ ಚಿಕ್ಕೋಡಿಯಲ್ಲಿ ಎತ್ತಿನ ಹುಚ್ಚಿದ್ದವರಿಗೆ ಮರ್ಯಾದೆಯಿದೆ, ಕುಸ್ತಿಯ ಹುಚ್ಚಿದ್ದವರಿಗೆ ಹಾಲು-ತುಪ್ಪವಿದೆ. ನನಗಿರುವುದು ಹಡಗಿಗೆ ದಾರಿ ತೋರಿಸುವ ದೀಪಸ್ತಂಭಗಳ ಹುಚ್ಚು. ಸಮುದ್ರ ನೋಡಬೇಕೆಂದರೆ ನಾವು ಘಟ್ಟ ಇಳಿಯಬೇಕು. ಆದರೂ ನನ್ನ ಅರಿವೆ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತ ಕೂತು, ಹಿಂದೆ ಕಟ್ಟಿಗೆಯ ಬೆಂಕಿ ಇದ್ದದ್ದು ಹೇಗೆ ಎಣ್ಣೆದೀಪವಾಯಿತು, ಎಣ್ಣೆ ಹೋಗಿ ಹೇಗೆ ಕರೆಂಟು ಬಂತು ಎಂದು ಗಿರಾಕಿಗಳಿಗೆ ವಿವರಿಸುತ್ತೇನೆ. ಪಾಪ, ಕೇಳುತ್ತಾರೆ. ಅವರ ಅರಿವೆ ಇನ್ನೂ ನನ್ನ ಕೈಯಲ್ಲೇ ಇರುತ್ತದಲ್ಲ.

ಎಂಬತ್ತರ ದಶಕದ ಕೊನೆಗೆ ಅಂಥದೊಂದು ಹಳೆಯ ಎಣ್ಣೆದೀಪ ರತ್ನಾಗಿರಿಯ ಗುಜರಿ ಅಂಗಡಿಯಲ್ಲಿ ನನಗೆ ಸಿಕ್ಕಿತು. ಹಿತ್ತಾಳೆಯ ದೀಪ, ಮುಂದೆ ಬಳೆ ಬಳೆಯಾಗಿ ಕಡೆದ ದಪ್ಪ ಗಾಜು. ಅಲ್ಲಿಂದ ಕೊಲ್ಲಾಪುರದ ಮೇಲೆ ಹಾದು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಕಂಡಕ್ಟರ್, "ಬೆಣ್ಣಿ ತಗಿಯೂ ಮಷೀನ್ ಏನ್ರಿ?" ಎಂದ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಬತ್ತಿ ಹೊಂದಿಸಿ, ಮಾಳಿಗೆಯ ಮೇಲೆ ಪಡುವಣಕ್ಕೆ, ಅಂದರೆ ಸಮುದ್ರದ ಕಡೆಗೆ, ಮುಖಮಾಡಿ ನಿಲ್ಲಿಸಿದೆ. ಕತ್ತಲಲ್ಲಿ ಒಮ್ಮೆ ಅದು ಉರಿಯುವುದನ್ನು ನೋಡಬೇಕು, ಅಷ್ಟೇ. ಮದುವೆಗೂ ನಾನು ಇಷ್ಟು ಹಂಬಲಿಸಿರಲಿಲ್ಲ.

ನಮ್ಮದು ಜೈನರ ಮನೆ. ದೀಪಕ್ಕೆ ಹುಳ ಬಿದ್ದು ಸಾಯಬಾರದೆಂದು ಹೊತ್ತು ಮುಳುಗುವ ಮೊದಲೇ ನಮ್ಮ ಊಟ ಮುಗಿಯುತ್ತದೆ. ಅವ್ವ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು.

"ಇದು ಎಷ್ಟ್ ದೂರ ಕಾಣತೈತೋ?" ಎಂದಳು.

"ಇಪ್ಪತ್ತ್ ಮೈಲಿ, ಅವ್ವಾ!" ಎಂದೆ ಎದೆಯುಬ್ಬಿಸಿ. ಅಲ್ಲೇ ಕೆಟ್ಟೆ.

"ಅಂದ್ರ ನಿಪ್ಪಾಣಿ ಹುಳಾನೂ, ರಾಯಬಾಗದ ಹುಳಾನೂ ನಮ್ಮ ಮಾಳಗಿಗೆ ಬಂದ್ ಸಾಯತಾವ. ಆ ಪಾಪ ಯಾರ್ ಹೊರೂದು? ಬ್ಯಾಡಪಾ."

"ಮನ್ಯಾಗ ಬಲ್ಬ್ ಹತ್ತೂದಿಲ್ಲೇನು?"

"ಬಲ್ಬ್ ರಾಯಬಾಗಕ್ಕ ಕಾಣತೈತೇನು?"

ನನ್ನ ಮುಖ ನೋಡಿ ಅವಳಿಗೇ ಕನಿಕರವಾಯಿತು. "ಹೊತ್ತ್ ಇರೂತನಾ ಹಚ್ಚಿ ಆರ್ಸಿಬಿಡು," ಎಂದಳು. ದೀಪಸ್ತಂಭದ ದೀಪವನ್ನು ಬಿಸಿಲಲ್ಲಿ ಹಚ್ಚುವುದೆಂದರೆ! ಅಳು ಬಂದಂತಾಯಿತು. ಆದರೂ ಏನೂ ಇಲ್ಲದ್ದಕ್ಕಿಂತ ಇದೇ ವಾಸಿ ಎಂದು ಒಪ್ಪಿಕೊಂಡೆ.

ಒಂದು ರವಿವಾರ ಇಳಿಹೊತ್ತಿಗೆ ಓಣಿಯವರನ್ನೂ, ಅಂಗಡಿಗೆ ದಿನಾ ಬಂದು ಕೂಡುವ ಕುಲಕರ್ಣಿ ಮಾಸ್ತರರನ್ನೂ ಮಾಳಿಗೆಗೆ ಕರೆದೆ. ಇತಿಹಾಸವೆಲ್ಲ ಹೇಳಿ ಮುಗಿಸಿ, ಗಾಜಿನ ಹಿಂದೆ ಬಗ್ಗಿ, ಬತ್ತಿ ಏರಿಸತೊಡಗಿದೆ. ಎದುರಿಗೆ ಪಡುವಣದ ಸೂರ್ಯ.

"ಹೊಗಿ ಬಂತ್ರೀ! ಹತ್ತಿತು!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಹಿಗ್ಗಿದೆ. ಆಮೇಲೆ ನೆನಪಾಯಿತು, ನಾನಿನ್ನೂ ಕಡ್ಡಿ ಗೀರಿರಲಿಲ್ಲ. ಹೊಗೆ ಬರುತ್ತಿದ್ದುದು ನನ್ನ ಕರಿ ಟೊಪ್ಪಿಗೆಯಿಂದ. ಹಗಲಲ್ಲಿ ಇಂಥ ಗಾಜು ಬಿಸಿಲನ್ನು ಒಂದೆಡೆ ಕೂಡಿಸಿ ಬೆಂಕಿ ಹಚ್ಚುತ್ತದೆ, ಅದಕ್ಕೇ ದೀಪಸ್ತಂಭದ ಕಾವಲುಗಾರರು ಪರದೆ ಎಳೆಯುತ್ತಾರೆ ಎಂದು ಇದೇ ಮಾಸ್ತರರಿಗೆ ಎಷ್ಟೋ ಸಲ ಹೇಳಿದವನು ನಾನೇ!

ಅವ್ವ ಕೊಡ ನೀರು ತಂದು ನನ್ನ ತಲೆಯ ಮೇಲೆ ಸುರಿದಳು. ಆಮೇಲೆ ದೀಪದೊಳಗೆ ಇಣುಕಿ, "ಒಂದ್ ಹುಳಾನೂ ಸತ್ತಿಲ್ಲ, ಪುಣ್ಯ," ಎಂದಳು.

ದೀಪ ಇಂದಿಗೂ ಹತ್ತಿಲ್ಲ. ದೀಪಸ್ತಂಭದ ವಿಷಯ ಬಂದರೆ ಓಣಿಯವರು ಈಗ ನನ್ನನ್ನು ಕೇಳುವುದನ್ನು ಬಿಟ್ಟಿದ್ದಾರೆ. ಅವ್ವನನ್ನೇ ಕೇಳುತ್ತಾರೆ, "ಹೆಂಗ ಆರ್ಸಿದ್ರಿ?" ಎಂದು.